ನರ ದೌರ್ಬಲ್ಯ ಅಂತ ಹೋದರೆ ಡಾಕ್ಟರು ಹಾರ್ಟ್ ಟೆಸ್ಟ್ ಬರೆದರು. ಇದು ಸರಿಯಾ?

ಕಣದಂಚು | ಅಕ್ಟೋಬರ್ 21, ರಾತ್ರಿ 11:48

ಈ ಐಡಿ ಇದೊಂದು ವಿಷಯಕ್ಕೇ ಮಾಡಿದ್ದು. ಹಳೇ ಐಡಿಯಲ್ಲಿ ಬರೆದರೆ ಅರ್ಧ ಕೊಡಗಿಗೆ ನಾನು ಯಾರು ಅಂತ ಗೊತ್ತಾಗುತ್ತದೆ. ನಮ್ಮಲ್ಲಿ ಮನೆ ಹೆಸರು ಕೇಳಿದರೆ ಸಾಕಲ್ವಾ, ಅಜ್ಜನ ಕಾಲದ ಜಾತಕ ಹೇಳಿಬಿಡುತ್ತಾರೆ.

ವಯಸ್ಸು 47. ಸಿದ್ದಾಪುರದ ಕಡೆ ತೋಟ. ರೊಬಸ್ಟಾ ಕಾಫಿ, ನಡುವೆ ಮೆಣಸು. ಮದುವೆಯಾಗಿ 19 ವರ್ಷ. ಒಂದೂವರೆ ವರ್ಷದಿಂದ ಹೆಂಡತಿ ಜೊತೆ ಸೇರಲು ಆಗುತ್ತಿಲ್ಲ. ಆಸೆ ಇದೆ, ಮನಸ್ಸೂ ಇದೆ. ಗಟ್ಟಿಯಾಗುವುದಿಲ್ಲ. ಆದ ದಿನವೂ ಅರ್ಧಕ್ಕೇ ಇಳಿದುಬಿಡುತ್ತದೆ. ಮೊದಲು ಕೊಯ್ಲಿನ ಸುಸ್ತು ಅಂದುಕೊಂಡೆ. ಆಮೇಲೆ ರಮ್ ಜಾಸ್ತಿ ಆಯ್ತೇನೋ ಅಂತ ಎರಡು ತಿಂಗಳು ಬಿಟ್ಟು ನೋಡಿದೆ. ಏನೂ ವ್ಯತ್ಯಾಸ ಇಲ್ಲ.

ಮಾತ್ರೆ ತರೋಣ ಅಂತ ಕುಶಾಲನಗರಕ್ಕೆ ಹೋದೆ. ಸಿದ್ದಾಪುರದಲ್ಲಿ ಕೇಳುವ ಹಾಗೇ ಇಲ್ಲ, ಮೆಡಿಕಲ್‌ನವನು ನನ್ನ ಕ್ಲಾಸ್‌ಮೇಟು. ಟೋಪಿ ಹಾಕಿಕೊಂಡು, ಚೀಟಿಯಲ್ಲಿ ಹೆಸರು ಬರೆದುಕೊಂಡು, ಅಂಗಡಿ ಖಾಲಿಯಾಗುವವರೆಗೆ ಎದುರಿನ ಬೇಕರಿಯಲ್ಲಿ ಎರಡು ಟೀ ಕುಡಿದೆ. ಚೀಟಿ ಕೊಟ್ಟೆ. ಹುಡುಗ ಒಳಗಿನಿಂದ ಕೂಗಿ ಕೇಳಿದ: 'ಅಣ್ಣಾ, ಐವತ್ತರದ್ದಾ ನೂರರದ್ದಾ?' ಅಷ್ಟರಲ್ಲಿ ಹಿಂದೆ ಮೂರು ಜನ ಬಂದು ನಿಂತಿದ್ದರು.

ಮೊದಲ ಮಾತ್ರೆ ಏನೂ ಮಾಡಲಿಲ್ಲ. ಎರಡನೆಯದು ತಲೆನೋವು ಕೊಟ್ಟಿತು, ಕೆಲಸ ಅರ್ಧಂಬರ್ಧ. ಕೊನೆಗೆ ಧೈರ್ಯ ಮಾಡಿ ಒಬ್ಬ ಡಾಕ್ಟರ ಹತ್ತಿರ ಹೋದೆ. 'ನರ ದೌರ್ಬಲ್ಯ ಸಾರ್' ಅಂದೆ. ಅವರು ನರದ ಬಗ್ಗೆ ಒಂದು ಮಾತೂ ಆಡಲಿಲ್ಲ. ಬಿಪಿ ನೋಡಿದರು. ಏರು ಹತ್ತುವಾಗ ಎದೆ ಬಿಗಿಯುತ್ತದಾ, ಅಪ್ಪನಿಗೆ ಹಾರ್ಟ್ ತೊಂದರೆ ಇತ್ತಾ, ಸಿಗರೇಟ್ ಎಷ್ಟು ಅಂತ ಕೇಳಿದರು. ಶುಗರ್, ಕೊಲೆಸ್ಟ್ರಾಲ್, ಇಸಿಜಿ, ಟ್ರೆಡ್‌ಮಿಲ್ ಟೆಸ್ಟ್ ಅಂತ ಒಂದು ಪುಟ ಬರೆದುಕೊಟ್ಟರು.

ನನಗೆ ರೇಗಿತು. ಕೆಳಗಿನ ತೊಂದರೆಗೆ ಮೇಲಿನ ಟೆಸ್ಟ್ ಯಾಕೆ? ದುಡ್ಡು ಮಾಡುವ ದಾರಿಯಾ ಇದು? ಗೊತ್ತಿದ್ದವರು ಹೇಳಿ. ಚೀಟಿ ಇನ್ನೂ ಜೀಪಿನ ಡ್ಯಾಶ್‌ಬೋರ್ಡಿನಲ್ಲೇ ಇದೆ.

ಗೋಣಿಕೊಪ್ಪ ಎಕ್ಸ್‌ಪ್ರೆಸ್ | ಅಕ್ಟೋಬರ್ 22, ಬೆಳಿಗ್ಗೆ 7:10

ನೂರರದ್ದು ಕೇಳಬೇಕಿತ್ತು ಅಣ್ಣ, ಹಿಂದೆ ನಿಂತವರ ಮುಂದೆ ಮರ್ಯಾದೆ ಉಳೀತಿತ್ತು 😄

ನಿರ್ವಾಹಕ | ಅಕ್ಟೋಬರ್ 22, ಬೆಳಿಗ್ಗೆ 8:02

ತಮಾಷೆ ಒಂದೆರಡು ಇರಲಿ, ಆದರೆ ಬರೆದವರಿಗೆ ಮುಜುಗರ ಮಾಡಬೇಡಿ. ಯಾರು ಅಂತ ಪತ್ತೆ ಹಚ್ಚಲು ಹೋದರೆ ಐಡಿ ತೆಗೆಯುತ್ತೇನೆ. ಮಾತ್ರೆ, ಪುಡಿ ಮಾರುವವರಿಗೂ ಇದೇ ಮಾತು.

ನಾಪೋಕ್ಲಿನವ | ಅಕ್ಟೋಬರ್ 22, ಮಧ್ಯಾಹ್ನ 2:35

ನಾನು ಡಾಕ್ಟರ್. ಊರು ನಾಪೋಕ್ಲು, ಕೆಲಸ ಮೈಸೂರಿನಲ್ಲಿ. ನಿಮ್ಮನ್ನು ಪರೀಕ್ಷೆ ಮಾಡದೆ ನಿಮಗೆ ಇದೇ ಕಾಯಿಲೆ ಅನ್ನುವುದಿಲ್ಲ. ಆದರೆ ಆ ಡಾಕ್ಟರು ಬರೆದದ್ದು ಸರಿ. ಡ್ಯಾಶ್‌ಬೋರ್ಡಿನಿಂದ ಚೀಟಿ ತೆಗೆಯಿರಿ.

ಮೊದಲು ಆ 'ನರ ದೌರ್ಬಲ್ಯ' ಅನ್ನುವ ಮಾತು. ಬಸ್‌ಸ್ಟ್ಯಾಂಡ್ ಗೋಡೆಗಳ ಮೇಲೆ ಓದಿ ಓದಿ ನಮಗೆ ಅಂಟಿಕೊಂಡಿದೆ. ನಾವು ಮಿದುಳಿನಿಂದ ಸುದ್ದಿ ಒಯ್ಯುವ ತಂತಿಗೂ ನರ ಅನ್ನುತ್ತೇವೆ, ಕೈ ಮೇಲೆ ಉಬ್ಬಿ ಕಾಣುವ ನೀಲಿ ರಕ್ತನಾಳಕ್ಕೂ ನರ ಅನ್ನುತ್ತೇವೆ. 'ನರಕ್ಕೆ ಇಂಜೆಕ್ಷನ್ ಕೊಟ್ಟರು' ಅನ್ನುವುದಿಲ್ವಾ? ಅದು ನರಕ್ಕಲ್ಲ, ರಕ್ತನಾಳಕ್ಕೆ. ಹಾಗಾಗಿ ಗಂಡಸು 'ನರ ವೀಕ್' ಅಂದಾಗ ಎಷ್ಟೋ ಸಲ ನಿಜವಾಗಿ ಸೋತಿರುವುದು ರಕ್ತ ತರುವ ನಾಳ. ನರದಿಂದಲೂ ತೊಂದರೆ ಬರುತ್ತದೆ, ಹಳೇ ಶುಗರ್ ಇದ್ದವರಲ್ಲಿ ಎರಡೂ ಸೇರಿಕೊಂಡಿರುತ್ತದೆ. ಆದರೆ 40 ದಾಟಿದವರಲ್ಲಿ, ನಿಧಾನಕ್ಕೆ ಶುರುವಾದ ತೊಂದರೆಯಲ್ಲಿ, ನಾನು ಮೊದಲು ಅನುಮಾನ ಪಡುವುದು ರಕ್ತನಾಳದ ಮೇಲೆ.

ನಿಮಿರುವುದು ಅಂದರೆ ರಕ್ತ ತುಂಬಿಕೊಳ್ಳುವುದು, ಅಷ್ಟೇ. ಅಲ್ಲಿ ಮೂಳೆ ಇಲ್ಲ, ಎತ್ತಿ ಹಿಡಿಯುವ ಮಾಂಸಖಂಡವೂ ಇಲ್ಲ. ಸ್ಪಂಜಿನಂಥ ಎರಡು ಕೊಳವೆಗಳಿವೆ. ಸಾಮಾನ್ಯ ಹೊತ್ತಿನಲ್ಲಿ ಅವುಗಳ ಗೋಡೆಯ ಸ್ನಾಯು ಬಿಗಿಯಾಗಿರುತ್ತದೆ, ರಕ್ತ ಹೆಚ್ಚು ನುಗ್ಗುವುದಿಲ್ಲ. ಆಸೆ ಹುಟ್ಟಿದಾಗ ನರದ ತುದಿಯಿಂದಲೂ ರಕ್ತನಾಳದ ಒಳಪದರದಿಂದಲೂ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ಹೊರಬರುತ್ತದೆ. ಅದು ಸ್ನಾಯುವನ್ನು ಸಡಿಲ ಮಾಡುತ್ತದೆ. ನಾಳ ಹಿಗ್ಗಿ ರಕ್ತ ನುಗ್ಗುತ್ತದೆ. ಸ್ಪಂಜು ಉಬ್ಬಿ ಹೊರಗಿನ ಗಟ್ಟಿ ಪೊರೆಗೆ ಒತ್ತುತ್ತದೆ. ಆ ಒತ್ತಡಕ್ಕೆ ವಾಪಸ್ ಹೋಗುವ ಸಣ್ಣ ನಾಳಗಳು ನಡುವೆ ಸಿಕ್ಕಿ ಮುಚ್ಚಿಕೊಳ್ಳುತ್ತವೆ. ಬಂದ ರಕ್ತ ಅಲ್ಲೇ ನಿಲ್ಲುತ್ತದೆ.

ಈಗ ಹಾರ್ಟ್ ಯಾಕೆ? ಅಲ್ಲಿಗೆ ರಕ್ತ ತರುವ ನಾಳದ ಅಗಲ 1ರಿಂದ 2 ಮಿಲಿಮೀಟರ್. ಹೃದಯದ ನಾಳ 3ರಿಂದ 4. ತೊಡೆಯದ್ದು 6ರಿಂದ 8. ಕೊಬ್ಬು ಕಟ್ಟುವ ಕಾಯಿಲೆ ಒಂದು ಜಾಗ ಹುಡುಕಿಕೊಂಡು ಬರುವುದಿಲ್ಲ, ಎಲ್ಲ ಕಡೆ ಒಟ್ಟಿಗೇ ನಡೆಯುತ್ತಿರುತ್ತದೆ. ಕಿರಿದಾದದ್ದು ಮೊದಲು ಸೋಲುತ್ತದೆ. ಎದೆನೋವು ಕಾಣಿಸಿಕೊಂಡ ಗಂಡಸರನ್ನು ಕೂರಿಸಿ ಕೇಳಿದರೆ, ತುಂಬಾ ಜನ 'ಆ ತೊಂದರೆ ಎರಡು ಮೂರು ವರ್ಷ ಮೊದಲೇ ಇತ್ತು' ಅನ್ನುತ್ತಾರೆ.

ದುಡ್ಡು ಮಾಡುವ ದಾರಿಯಾ ಅಂತ ಕೇಳಿದಿರಿ. ಬ್ರಿಟನ್ನಿನಲ್ಲಿ ಹತ್ತು ವರ್ಷದೊಳಗೆ ಹಾರ್ಟ್ ಅಟ್ಯಾಕ್ ಅಥವಾ ಸ್ಟ್ರೋಕ್ ಬರುವ ಸಾಧ್ಯತೆ ಲೆಕ್ಕ ಹಾಕಲು ಕ್ಯೂರಿಸ್ಕ್ ಅನ್ನುವ ಪಟ್ಟಿ ಬಳಸುತ್ತಾರೆ. ಬಿಪಿ, ಕೊಲೆಸ್ಟ್ರಾಲ್, ಸಿಗರೇಟಿನ ಜೊತೆ 2017ರಿಂದ ಅದರಲ್ಲಿ ನಿಮ್ಮ ಈ ತೊಂದರೆಗೂ ಒಂದು ಖಾನೆ ಇದೆ.

ಕಣದಂಚು | ಅಕ್ಟೋಬರ್ 22, ರಾತ್ರಿ 9:20

ಡಾಕ್ಟ್ರೇ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ನನಗೆ ಅರ್ಥವಾದದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ.

ಹೂ ಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಹಾಕುತ್ತೇವೆ. ಕೆರೆಯಿಂದ ಪಂಪು, ದೊಡ್ಡ ಪೈಪು, ತುದಿಯಲ್ಲಿ ಜೆಟ್ಟು. ಪೈಪಿನಲ್ಲಿ ಕೆಸರು ಕಟ್ಟಲು ಶುರುವಾದರೆ ಮೊದಲು ಗೊತ್ತಾಗುವುದು ಮೇಲಿನ ಬಾಣೆಯ ಕೊನೇ ಜೆಟ್ಟಿನಲ್ಲಿ. ಅದು ತಿರುಗುವುದೇ ಇಲ್ಲ, ಸುಮ್ನೆ ಉಗುಳುತ್ತದೆ. ಪಂಪಿನ ಹತ್ತಿರದ್ದು ಚೆನ್ನಾಗಿಯೇ ಇರುತ್ತದೆ. ಕೆಲಸದವರು ಜೆಟ್ ಬದಲಾಯಿಸುತ್ತಾರೆ. ತೊಂದರೆ ಜೆಟ್ಟಿನದಲ್ಲ, ಲೈನಿನದು. ನಾನು ಕುಶಾಲನಗರದಲ್ಲಿ ಕೊಂಡದ್ದು ಹೊಸ ಜೆಟ್ ಅಂತಾಯ್ತು. ಹೌದಾ?

ಇನ್ನೊಂದು. ಅರ್ಧಕ್ಕೇ ಇಳಿಯುವುದು ಫುಟ್‌ವಾಲ್ವ್ ಲೀಕ್ ಇದ್ದ ಹಾಗಾ? ನೀರು ಏರುತ್ತದೆ, ನಿಲ್ಲುವುದಿಲ್ಲ.

ನಾಪೋಕ್ಲಿನವ | ಅಕ್ಟೋಬರ್ 23, ಬೆಳಿಗ್ಗೆ 6:15

ಫುಟ್‌ವಾಲ್ವ್ ಹೋಲಿಕೆಯನ್ನು ನಾನು ಇನ್ನು ಮುಂದೆ ರೋಗಿಗಳಿಗೆ ಹೇಳುತ್ತೇನೆ. ನಿಮ್ಮ ಹೆಸರು ಹೇಳದೆ. ವೀನಸ್ ಲೀಕ್ ಅಂತಲೇ ಅದಕ್ಕೆ ಹೆಸರು. ಆದರೆ ಅಲ್ಲಿ ಬೇರೆ ವಾಲ್ವ್ ಅಂತ ಇಲ್ಲ. ಸ್ಪಂಜು ಪೂರ್ತಿ ಉಬ್ಬಿದರೇ ವಾಪಸ್ ದಾರಿ ಮುಚ್ಚುವುದು. ಬರುವ ರಕ್ತ ಕಡಿಮೆಯಾದರೆ, ಇಲ್ಲವೇ ಸ್ಪಂಜಿನ ಸ್ನಾಯು ಗಡುಸಾಗಿ ಹಿಗ್ಗದಿದ್ದರೆ, ದಾರಿ ಮುಚ್ಚುವುದಿಲ್ಲ, ಸೋರುತ್ತದೆ.

ಪೈಪಿನ ಹೋಲಿಕೆಯಲ್ಲಿ ಒಂದು ತಪ್ಪಿದೆ. ಪಿವಿಸಿ ಪೈಪು ಸತ್ತ ವಸ್ತು. ರಕ್ತನಾಳಕ್ಕೆ ಜೀವ ಇದೆ. ಒಳಗೆ ಒಂದೇ ಒಂದು ಜೀವಕೋಶದಷ್ಟು ದಪ್ಪದ ಪದರ ಇದೆ, ನೈಟ್ರಿಕ್ ಆಕ್ಸೈಡ್ ತಯಾರಾಗುವ ಜಾಗಗಳಲ್ಲಿ ಅದೂ ಒಂದು. ಸಿಗರೇಟಿನ ಹೊಗೆ, ಏರಿದ ಸಕ್ಕರೆ, ಬಿಪಿ, ಕೆಟ್ಟ ಕೊಲೆಸ್ಟ್ರಾಲ್, ಇವೆಲ್ಲ ಮೊದಲು ಹೊಡೆಯುವುದು ಆ ಪದರಕ್ಕೆ. ನಾಳ ಕಟ್ಟಿಕೊಳ್ಳುವುದು ಎಷ್ಟೋ ವರ್ಷ ಆಮೇಲೆ. ಅಂದರೆ ಒಳಗೆ ಕೆಸರು ಇಲ್ಲದಿದ್ದರೂ ನಾಳ ಹಿಗ್ಗುವುದನ್ನು ಮರೆತಿರುತ್ತದೆ. ಇದು ಕೆಟ್ಟ ಸುದ್ದಿ ಅಲ್ಲ. ಕಟ್ಟಿಕೊಂಡ ನಾಳಕ್ಕಿಂತ ಹಿಗ್ಗುವುದು ಮರೆತ ನಾಳವನ್ನು ಸರಿ ಮಾಡುವುದು ಸುಲಭ.

ಈ ಅನಿಲದ ಕೆಲಸ ಪತ್ತೆ ಮಾಡಿದ್ದಕ್ಕೆ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅನ್ನುವ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಅದೇ ವರ್ಷ ಮಾರ್ಚಿನಲ್ಲಿ ಅಮೆರಿಕದಲ್ಲಿ ವಯಾಗ್ರಕ್ಕೆ ಒಪ್ಪಿಗೆ ಸಿಕ್ಕಿತು. ಅದರ ಒಳಗಿರುವ ಸಿಲ್ಡೆನಾಫಿಲ್ ಅನ್ನು ಮೊದಲು ಪರೀಕ್ಷೆ ಮಾಡಿದ್ದು ಯಾವುದಕ್ಕೆ ಗೊತ್ತಾ? ಎದೆನೋವಿಗೆ. ಮೇಲಿನದಕ್ಕೆ ಅಂತ ಹೊರಟ ಮಾತ್ರೆ ಕೆಳಗಿನದಕ್ಕೆ ಬಂತು. ಎರಡೂ ಒಂದೇ ಲೈನ್ ಅನ್ನಲು ಇದಕ್ಕಿಂತ ಏನು ಬೇಕು?

ಮಾತ್ರೆ ಆ ಅನಿಲವನ್ನು ತಯಾರು ಮಾಡುವುದಿಲ್ಲ. ಅನಿಲ ಶುರು ಮಾಡಿದ ಕೆಲಸ ಬೇಗ ಮುಗಿದುಹೋಗದ ಹಾಗೆ ತಡೆಯುತ್ತದೆ. ಶುರುವೇ ಆಗದಿದ್ದರೆ ತಡೆಯುವುದಕ್ಕೆ ಏನಿದೆ? ಅದಕ್ಕೇ ಆಸೆ, ಸ್ಪರ್ಶ ಇಲ್ಲದೆ ಮಾತ್ರೆ ಕೆಲಸ ಮಾಡುವುದಿಲ್ಲ. ಒಳಪದರ ತುಂಬಾ ಹಾಳಾದವರಲ್ಲೂ ಸೋಲುತ್ತದೆ. ಅಂದಹಾಗೆ, ಆ ಮೊದಲ ಮಾತ್ರೆ ನುಂಗಿದ ರಾತ್ರಿ ಊಟ ಏನಿತ್ತು?

ಕಣದಂಚು | ಅಕ್ಟೋಬರ್ 23, ಬೆಳಿಗ್ಗೆ 6:40

ನೆಂಟರ ಮದುವೆಯಿಂದ ಬಂದಿದ್ದೆ. ಕಡಂಬುಟ್ಟು, ಪಂದಿಕರಿ. ಎರಡು ಲಾರ್ಜ್.

ನಾಪೋಕ್ಲಿನವ | ಅಕ್ಟೋಬರ್ 23, ಬೆಳಿಗ್ಗೆ 6:44

ಅದೇ. ಕೊಬ್ಬಿನ ಊಟದ ಮೇಲೆ ಸಿಲ್ಡೆನಾಫಿಲ್ ರಕ್ತಕ್ಕೆ ಸೇರುವುದು ಸುಮಾರು ಒಂದು ಗಂಟೆ ತಡ. ನೀವು ಅಷ್ಟರಲ್ಲಿ ಗೊರಕೆ ಹೊಡೆದಿರುತ್ತೀರಿ. ಮದ್ಯ ಸೇರಿದರೆ ಬಿಪಿಯೂ ಇಳಿಯುತ್ತದೆ.

ಮಾಜಿ ಹವಾಲ್ದಾರ್ | ಅಕ್ಟೋಬರ್ 23, ಸಂಜೆ 7:30

ನನಗೆ 61. ಹೇಳಿಕೊಳ್ಳಲು ಈಗ ಸಂಕೋಚ ಇಲ್ಲ. ತಮ್ಮ, ಚೀಟಿ ಬಿಸಾಡಬೇಡ.

ಸರ್ವೀಸಿನಲ್ಲಿ ದಿನಕ್ಕೊಂದು ಪ್ಯಾಕ್ ಸಿಗರೇಟ್. ಊರಿಗೆ ಬಂದಮೇಲೂ ಬಿಡಲಿಲ್ಲ. 54ರಲ್ಲಿ ಶುರುವಾಯಿತು. ಮನೆಯಿಂದ ಮೇಲಿನ ಗದ್ದೆಗೆ ಏರು ಹತ್ತುವಾಗ ಸೊಂಟದ ಕೆಳಗೆ, ಕೂರುವ ಜಾಗದಲ್ಲಿ, ತೊಡೆಯಲ್ಲಿ ಹಿಡಿದುಕೊಳ್ಳುತ್ತಿತ್ತು. ನಿಂತರೆ ಎರಡು ನಿಮಿಷದಲ್ಲಿ ಮಾಯ. ಮತ್ತೆ ಹತ್ತಿದರೆ ಮತ್ತೆ ಹಿಡಿಯುತ್ತದೆ. ಬೆನ್ನಿನ ಡಿಸ್ಕ್ ಅಂತ ಎರಡು ವರ್ಷ ಎಣ್ಣೆ ತಿಕ್ಕಿಸಿಕೊಂಡೆ. ನೀನು ಹೇಳಿದ ತೊಂದರೆಯೂ ಜೊತೆಗೇ ಇತ್ತು, ಆದರೆ ಎರಡಕ್ಕೂ ಸಂಬಂಧ ಇರಬಹುದು ಅಂತ ಕನಸಿನಲ್ಲೂ ಅಂದುಕೊಳ್ಳಲಿಲ್ಲ. ಯಾರಿಗೆ ಹೇಳುವುದು?

ಕೊನೆಗೆ ಒಬ್ಬ ಸಣ್ಣ ವಯಸ್ಸಿನ ಡಾಕ್ಟರ್ ತೊಡೆಸಂದಿಯಲ್ಲಿ ಬೆರಳಿಟ್ಟು ನಾಡಿ ಹುಡುಕಿದ. ಎಡಗಡೆ ಸಿಗಲೇ ಇಲ್ಲ. ಬಲಗಡೆ ಸ್ವಲ್ಪ. ಅವನೇ ಕೇಳಿದ, 'ಸಾರ್, ಮನೆಯಲ್ಲಿ ಹೇಗಿದೆ?' ಅಂತ. ನನಗೆ ಒಂದು ನಿಮಿಷ ಅರ್ಥವೇ ಆಗಲಿಲ್ಲ. ಸ್ಕ್ಯಾನ್ ಮಾಡಿದರೆ ಹೊಟ್ಟೆಯಿಂದ ಕಾಲಿಗೆ ಇಳಿಯುವ ದೊಡ್ಡ ನಾಳವೇ ಕಟ್ಟಿತ್ತು. ಅಲ್ಲಿಂದಲೇ ಅಲ್ವಾ ಕವಲು ಹೋಗುವುದು. ಸ್ಟೆಂಟ್ ಹಾಕಿದರು. ನಡಿಗೆ ಪೂರ್ತಿ ಸರಿಹೋಯಿತು. ಇನ್ನೊಂದು ಅರ್ಧ ಸರಿಹೋಯಿತು. ಸಿಗರೇಟ್ ಅವತ್ತೇ ಬಿಟ್ಟೆ.

ನಾಪೋಕ್ಲಿನವ | ಅಕ್ಟೋಬರ್ 23, ರಾತ್ರಿ 10:05

ಹವಾಲ್ದಾರ್ ಅಣ್ಣ, ಇದಕ್ಕೆ ಲೆರಿಶ್ ಸಿಂಡ್ರೋಮ್ ಅನ್ನುತ್ತಾರೆ, ಫ್ರಾನ್ಸಿನ ಸರ್ಜನ್ ರೆನೆ ಲೆರಿಶ್ ಹೆಸರಿನಲ್ಲಿ. ನಡೆದರೆ ಪೃಷ್ಠದಲ್ಲಿ ನೋವು, ತೊಡೆಸಂದಿಯಲ್ಲಿ ನಾಡಿ ಇಲ್ಲ, ನಿಮಿರುವುದಿಲ್ಲ. ಮೂರೂ ಒಟ್ಟಿಗೆ. ಆ ಸಣ್ಣ ಡಾಕ್ಟರಿಗೆ ನನ್ನ ಸಲಾಂ.

ಕಕ್ಕಡ ಹದಿನೆಂಟು | ಅಕ್ಟೋಬರ್ 24, ಬೆಳಿಗ್ಗೆ 9:00

ಇಷ್ಟೆಲ್ಲ ಟೆಸ್ಟ್ ಯಾಕೆ? ನಮ್ಮ ಹಿರಿಯರಿಗೆ ಈ ತೊಂದರೆ ಇತ್ತಾ? ಕಕ್ಕಡ ತಿಂಗಳಲ್ಲಿ ಮದ್ದುಸೊಪ್ಪಿನ ಪಾಯಸ ತಿನ್ನುತ್ತಿದ್ದರು, ಕಾಡುಜೇನು ತಿನ್ನುತ್ತಿದ್ದರು, 70ರಲ್ಲೂ ಮಗು ಹುಟ್ಟಿಸುತ್ತಿದ್ದರು. ರಸ್ತೆ ಬದಿ ಟೆಂಟ್ ಹಾಕಿಕೊಂಡು ಬೇರು ಮಾರುವವರ ಹತ್ತಿರ ಒಂದು ಪುಡಿ ಸಿಗುತ್ತದೆ, ಹಾಲಿನಲ್ಲಿ ಹಾಕಿ ಕುಡಿದರೆ ಅರ್ಧ ಗಂಟೆಯಲ್ಲಿ ಪರಿಣಾಮ. ನಾನೇ ನೋಡಿದ್ದೇನೆ.

ಸಿಸ್ಟರ್ ಸೋಮವಾರಪೇಟೆ | ಅಕ್ಟೋಬರ್ 24, ಮಧ್ಯಾಹ್ನ 1:15

ಮದ್ದುಸೊಪ್ಪಿನ ಪಾಯಸ ನಮ್ಮ ಮನೆಯಲ್ಲೂ ಮಾಡುತ್ತೇವೆ. ಆಗಸ್ಟ್ 3ಕ್ಕೆ ಸೊಪ್ಪು ತರದಿದ್ದರೆ ಅತ್ತೆ ಅನ್ನ ಹಾಕುವುದಿಲ್ಲ. ಮಾರನೇ ದಿನ ಮೂತ್ರ ಕೆಂಪಾದರೆ ಮದ್ದು ಮೈಗೆ ಹತ್ತಿತು ಅನ್ನುತ್ತಾರೆ. ತಿನ್ನಲಿ, ಖುಷಿಯಾಗಿ ತಿನ್ನಲಿ. ಶುಗರ್ ಇದ್ದವರು ಬೆಲ್ಲ ನೋಡಿಕೊಂಡು ತಿನ್ನಲಿ.

ಆದರೆ ಆ ಪುಡಿ ಮಾತ್ರ ಬೇಡ. ಅರ್ಧ ಗಂಟೆಯಲ್ಲಿ ಪರಿಣಾಮ ಕೊಡುವ ಬೇರು ಅಂದ ತಕ್ಷಣ ನನಗೆ ಅನುಮಾನ. 'ಗಿಡಮೂಲಿಕೆ' ಅಂತ ಮಾರುವ ಇಂಥ ಪುಡಿ, ಕ್ಯಾಪ್ಸೂಲ್‌ಗಳಲ್ಲಿ ಸಿಲ್ಡೆನಾಫಿಲ್ಲನ್ನೇ ಅರೆದು ಬೆರೆಸುವುದು ಬೇರೆ ಬೇರೆ ದೇಶಗಳಲ್ಲಿ ಎಷ್ಟೋ ಸಲ ಸಿಕ್ಕಿಬಿದ್ದಿದೆ. ಎಷ್ಟು ಹಾಕಿದ್ದಾರೆ ಅನ್ನುವುದು ದೇವರಿಗೇ ಗೊತ್ತು.

ಯಾಕೆ ಹೆದರಬೇಕು ಅಂದರೆ, ಹಾರ್ಟ್ ತೊಂದರೆ ಇರುವವರು ನಾಲಿಗೆ ಕೆಳಗೆ ಒಂದು ಸಣ್ಣ ಮಾತ್ರೆ ಇಡುತ್ತಾರಲ್ಲ, ಸಾರ್ಬಿಟ್ರೇಟ್. ಎಷ್ಟೋ ಮನೆಗಳಲ್ಲಿ ಅಜ್ಜನ ದಿಂಬಿನ ಕೆಳಗೆ ಇರುತ್ತದೆ. ಅದು ಮತ್ತು ಈ ಗಟ್ಟಿ ಮಾಡುವ ಮಾತ್ರೆ ಎರಡೂ ಸೇರಿದರೆ ಬಿಪಿ ಧೊಪ್ಪನೆ ಬೀಳುತ್ತದೆ. ಪ್ರಾಣವೇ ಹೋಗಬಹುದು. ಸಿಲ್ಡೆನಾಫಿಲ್ ತಗೊಂಡು 24 ಗಂಟೆ, ಅದೇ ಜಾತಿಯ ಟಡಾಲಾಫಿಲ್ ತಗೊಂಡು 48 ಗಂಟೆ ಆಗುವವರೆಗೆ ಸಾರ್ಬಿಟ್ರೇಟ್ ಕೊಡುವ ಹಾಗಿಲ್ಲ. ಸಾರ್ಬಿಟ್ರೇಟ್ ದಿನಾ ತಗೊಳ್ಳುವವರು ಈ ಮಾತ್ರೆ ಮುಟ್ಟುವ ಹಾಗೇ ಇಲ್ಲ. ಎದೆನೋವು ಅಂತ ರಾತ್ರಿ ಕ್ಯಾಶುವಾಲ್ಟಿಗೆ ಬಂದವರನ್ನು ನಾವು ಕೇಳುತ್ತೇವೆ, 'ಏನಾದರೂ ಮಾತ್ರೆ ತಗೊಂಡಿದ್ದೀರಾ?' ಪಕ್ಕದಲ್ಲಿ ಹೆಂಡತಿ, ಮಗ ನಿಂತಿರುತ್ತಾರೆ. 'ಇಲ್ಲ ಸಿಸ್ಟರ್' ಅನ್ನುತ್ತಾರೆ. ದಯವಿಟ್ಟು ಸುಳ್ಳು ಹೇಳಬೇಡಿ. ನಾನು ಮನೆಯವರನ್ನು ಹೊರಗೆ ಕಳಿಸಿ ಮತ್ತೊಮ್ಮೆ ಕೇಳುತ್ತೇನೆ. ಎಲ್ಲರೂ ಕೇಳಲಿಕ್ಕಿಲ್ಲ.

ಕಕ್ಕಡ ಹದಿನೆಂಟು | ಅಕ್ಟೋಬರ್ 24, ಮಧ್ಯಾಹ್ನ 1:50

ಪುಡಿ ಕುಡಿದಾಗ ನನಗೂ ತಲೆ ಸಿಡಿಯಿತು, ಮುಖ ಕೆಂಪಾಯಿತು. ಬೇರಿನ ಕಾವು ಅಂದುಕೊಂಡೆ. ಹೋಗಲಿ ಬಿಡಿ.

ತಡಿಯಂಡಮೋಳ್ | ಅಕ್ಟೋಬರ್ 24, ರಾತ್ರಿ 8:25

ನಾನು ಹೆಂಗಸು. ಬರೆಯಲಾ ಬೇಡವಾ ಅಂತ ಎರಡು ದಿನ ಯೋಚಿಸಿದೆ.

ನಮ್ಮವರಿಗೆ 49ರಲ್ಲಿ ಹೀಗಾಯಿತು. ನನಗೆ ಏನೂ ಹೇಳಲಿಲ್ಲ. ರಾತ್ರಿ ಟಿವಿ ಮುಂದೆ ಹನ್ನೆರಡರವರೆಗೆ ಕೂರುವುದು. ನಾನು ನಿದ್ದೆ ಹೋದಮೇಲೆ ಬರುವುದು. ಆಮೇಲೆ ಗೊರಕೆ ನೆಪ ಹೇಳಿ ಪಕ್ಕದ ರೂಮಿಗೆ ಹೋದರು. ನಾನು ಏನೇನೋ ಅಂದುಕೊಂಡೆ. ಬೇರೆ ಯಾರಾದರೂ ಇದ್ದಾರಾ ಅಂತ ಫೋನ್ ಕೂಡ ನೋಡಿದೆ. ಇದ್ದದ್ದು ಹೆದರಿಕೆ ಅಷ್ಟೇ. ಮೂರು ವರ್ಷ ಒಂದೇ ಮನೆಯಲ್ಲಿ ಮಾತಿಲ್ಲದೆ ಕಳೆದೆವು. 52ರಲ್ಲಿ, ಪುತ್ತರಿ ಹಬ್ಬ ಮುಗಿದ ವಾರ, ಹಾರ್ಟ್ ಅಟ್ಯಾಕ್. ಮೈಸೂರಿಗೆ ಕರೆದೊಯ್ಯುವ ದಾರಿಯಲ್ಲಿ ನಾನು ಅವರ ಕೈ ಹಿಡಿದುಕೊಂಡಿದ್ದು ಮೂರು ವರ್ಷದಲ್ಲಿ ಮೊದಲ ಸಲ. ಬದುಕಿದರು. ಶುಗರ್ 300ರ ಹತ್ತಿರ ಇತ್ತು, ಇಬ್ಬರಿಗೂ ಗೊತ್ತೇ ಇರಲಿಲ್ಲ.

ಕಣದಂಚು ಅಣ್ಣ, ನಿಮ್ಮ ಮನೆಯವರಿಗೆ ಹೇಳಿದ್ದೀರಾ? ನಿಮ್ಮ ಪೋಸ್ಟಿನಲ್ಲಿ ಮೆಡಿಕಲ್ ಹುಡುಗ ಇದ್ದಾನೆ, ಡಾಕ್ಟರ್ ಇದ್ದಾರೆ, ಜೀಪ್ ಇದೆ. ಅವರೇ ಇಲ್ಲ.

ಕಣದಂಚು | ಅಕ್ಟೋಬರ್ 24, ರಾತ್ರಿ 11:30

ಇಲ್ಲ ಅಕ್ಕ. ಹೇಳಿಲ್ಲ.

ಹೊಸ ಮದುಮಗ | ಅಕ್ಟೋಬರ್ 25, ರಾತ್ರಿ 12:10

ನನಗೆ 28. ಮದುವೆಯಾಗಿ ನಾಲ್ಕು ತಿಂಗಳು. ನನಗೂ ಇದೇ ತೊಂದರೆ, ಆದರೆ ಬೆಳಿಗ್ಗೆ ಏಳುವಾಗ ಸರಿ ಇರುತ್ತದೆ. ಒಬ್ಬನೇ ಇದ್ದಾಗಲೂ ಸರಿ. ಹೆಂಡತಿ ಜೊತೆ ಮಾತ್ರ ಕೈಕೊಡುತ್ತದೆ. ಇದನ್ನೆಲ್ಲ ಓದಿ ಈಗ ಎದೆ ಡವಡವ ಅನ್ನುತ್ತಿದೆ. ನನಗೂ ಹಾರ್ಟಾ?

ನಾಪೋಕ್ಲಿನವ | ಅಕ್ಟೋಬರ್ 25, ಬೆಳಿಗ್ಗೆ 6:20

ಡವಡವ ಅನ್ನುವುದು ಈ ಥ್ರೆಡ್ ಓದಿದ್ದಕ್ಕೆ. ಬೆಳಗಿನ ಹೊತ್ತು ಚೆನ್ನಾಗಿದೆ ಅಂದರೆ ಪೈಪು, ಪಂಪು ಎಲ್ಲ ಕೆಲಸ ಮಾಡುತ್ತಿದೆ ಅಂತ. ಹಠಾತ್ತನೆ ಶುರುವಾಗುವುದು, ಒಂದು ಸಂದರ್ಭದಲ್ಲಿ ಮಾತ್ರ ಸೋಲುವುದು, ಇದು ಹೆಚ್ಚಾಗಿ ಆತಂಕದ ಲಕ್ಷಣ. ಗಾಬರಿಯಾದಾಗ ಅಡ್ರಿನಾಲಿನ್ ನಾಳಗಳನ್ನು ಬಿಗಿ ಮಾಡುತ್ತದೆ. ಇಂದು ಆಗುತ್ತದೋ ಇಲ್ಲವೋ ಅಂತ ಕಾವಲು ಕೂತರೆ ಆಗುವುದೇ ಇಲ್ಲ. ಒಮ್ಮೆ ಬಿಪಿ, ಶುಗರ್ ನೋಡಿಸಿ, ಸಿಗರೇಟ್ ಇದ್ದರೆ ಬಿಡಿ, ಇಬ್ಬರೂ ಸೇರಿ ಒಬ್ಬ ಕೌನ್ಸೆಲರ್ ಹತ್ತಿರ ಹೋಗಿ. ಕಣದಂಚು ಅವರದ್ದು ಬೇರೆ. ಅವರಿಗೆ ಬೆಳಿಗ್ಗೆಯೂ ಇಲ್ಲ ಅಂತ ನನ್ನ ಊಹೆ.

ಕಣದಂಚು | ಅಕ್ಟೋಬರ್ 25, ಬೆಳಿಗ್ಗೆ 6:31

ಇಲ್ಲ. ಒಂದು ವರ್ಷವೇ ಆಯ್ತು.

ಬುಲೆಟ್ ಬಿದ್ದವ | ಅಕ್ಟೋಬರ್ 25, ಮಧ್ಯಾಹ್ನ 3:40

ನನ್ನ ವಯಸ್ಸು 31. ನನ್ನದು ಮೂರನೇ ತರಹ. ಸುಂಟಿಕೊಪ್ಪದ ತಿರುವಿನಲ್ಲಿ ಬೈಕಿನಿಂದ ಬಿದ್ದು ಸೊಂಟದ ಮೂಳೆ ಮುರಿಯಿತು. ಮೂಳೆ ಕೂಡಿತು, ಇದು ಕೂಡಲಿಲ್ಲ. ಡಾಪ್ಲರ್ ಮಾಡಿಸಿಕೊಂಡ ಅನುಭವ ಹೇಳುತ್ತೇನೆ, ಹೆದರುವವರಿಗೆ ಅನುಕೂಲವಾಗಲಿ.

ಒಂದು ಸಣ್ಣ ಕೋಣೆ. ಎಸಿ ಜಾಸ್ತಿ. ತೀರಾ ಸಪೂರ ಸೂಜಿಯಲ್ಲಿ ಪಕ್ಕದಿಂದ ಒಂದು ಇಂಜೆಕ್ಷನ್. ಇರುವೆ ಕಚ್ಚಿದಷ್ಟು ನೋವು, ನಿಜ. ಆಮೇಲೆ ಮೇಲೆ ತಣ್ಣನೆಯ ಜೆಲ್ ಹಾಕಿ ಹೊಟ್ಟೆ ಸ್ಕ್ಯಾನ್ ಮಾಡುವಂಥದ್ದೇ ಯಂತ್ರ ಇಡುತ್ತಾರೆ. ಐದೈದು ನಿಮಿಷಕ್ಕೆ ರಕ್ತ ಎಷ್ಟು ವೇಗದಲ್ಲಿ ಬರುತ್ತಿದೆ ಅಂತ ಅಳೆಯುತ್ತಾರೆ. ಸ್ಪೀಕರಿನಲ್ಲಿ ಸುಯ್ ಸುಯ್ ಅಂತ ಸದ್ದು. ಸೆಕೆಂಡಿಗೆ 25 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಬರುವ ನಾಳದಲ್ಲಿ ತೊಂದರೆ ಅಂತ ಲೆಕ್ಕವಂತೆ. ನನ್ನದು ಎಡಕ್ಕೆ 18. ಮನೆಗೆ ಹೋಗುವಾಗ ನಾಲ್ಕು ಗಂಟೆಯಾದರೂ ಇಳಿಯದಿದ್ದರೆ ತಕ್ಷಣ ವಾಪಸ್ ಬರಬೇಕು ಅಂತ ಎರಡು ಸಲ ಹೇಳಿದರು. ಆ ದಿನ ನನ್ನ ಚಿಂತೆ ಅದಾಗಿರಲಿಲ್ಲ ಬಿಡಿ.

ನಾಳ ಜೋಡಿಸುವ ಆಪರೇಷನ್ ಬಗ್ಗೆ ಮಾತಾಡುತ್ತಿದ್ದಾರೆ.

ನಾಪೋಕ್ಲಿನವ | ಅಕ್ಟೋಬರ್ 25, ರಾತ್ರಿ 9:50

ಚೆನ್ನಾಗಿ ಬರೆದಿರಿ. ಆ ಆಪರೇಷನ್ ನಿಮ್ಮಂಥವರಿಗೇ ಇರುವುದು: ಸಣ್ಣ ವಯಸ್ಸು, ಪೆಟ್ಟು ಬಿದ್ದು ಒಂದೇ ಜಾಗದಲ್ಲಿ ಕಟ್ಟಿರುವುದು, ಉಳಿದ ನಾಳ ಆರೋಗ್ಯವಾಗಿರುವುದು. ಶುಗರ್, ಬಿಪಿ ಇರುವ 50ರ ಗಂಡಸಿಗೆ ಅದರಿಂದ ಪ್ರಯೋಜನ ಇಲ್ಲ, ಅವರಲ್ಲಿ ಕಾಯಿಲೆ ಎಲ್ಲ ಕಡೆ ಇರುತ್ತದೆ. ಎಲ್ಲರಿಗೂ ಡಾಪ್ಲರ್ ಬೇಕಾಗಿಯೂ ಇಲ್ಲ. ದೊಡ್ಡ ಊರುಗಳಲ್ಲಿ ಶಾಕ್‌ವೇವ್, ಪಿಆರ್‌ಪಿ ಇಂಜೆಕ್ಷನ್, ಸ್ಟೆಮ್ ಸೆಲ್ ಅಂತ ಜಾಹೀರಾತು ನೋಡಿ ಲಕ್ಷ ಸುರಿಯಬೇಡಿ, ಅವೆಲ್ಲ ಇನ್ನೂ ಪ್ರಯೋಗದ ಹಂತದಲ್ಲೇ ಇವೆ.

ಮೇಕೇರಿ ಮೇಷ್ಟ್ರು | ಅಕ್ಟೋಬರ್ 26, ಬೆಳಿಗ್ಗೆ 10:20

ನನಗೆ ಬಿಪಿ ಮಾತ್ರೆ ಶುರು ಮಾಡಿದ ಮೇಲೆಯೇ ಹೀಗಾಯಿತು. ಅಟೆನೊಲಾಲ್. ಹೋದ ತಿಂಗಳು ನಾನೇ ನಿಲ್ಲಿಸಿಬಿಟ್ಟೆ.

ನಾಪೋಕ್ಲಿನವ | ಅಕ್ಟೋಬರ್ 26, ಮಧ್ಯಾಹ್ನ 2:00

ಮೇಷ್ಟ್ರೇ, ಇವತ್ತೇ ನಿಮ್ಮ ಡಾಕ್ಟರಿಗೆ ಹೇಳಿ. ಆ ಜಾತಿಯ ಮಾತ್ರೆಯನ್ನು ಏಕಾಏಕಿ ಬಿಡಬಾರದು. ನಿಮ್ಮ ಅಟೆನೊಲಾಲ್‌ನಂಥ ಹಳೇ ಬೀಟಾ ಬ್ಲಾಕರ್, ಮೂತ್ರ ಜಾಸ್ತಿ ಮಾಡಿಸುವ ನೀರಿನ ಮಾತ್ರೆಗಳಿಂದ ಕೆಲವರಿಗೆ ಈ ತೊಂದರೆ ಆಗುವುದು ನಿಜ. ಬೇರೆ ಜಾತಿಯ ಬಿಪಿ ಮಾತ್ರೆ ಬೇಕಾದಷ್ಟಿವೆ, ಬದಲಾಯಿಸಿಕೊಡುತ್ತಾರೆ. ಆದರೆ ಬಿಪಿ ಏರಿಯೇ ಇದ್ದರೆ ಅದು ಮಾತ್ರೆಗಿಂತ ಜಾಸ್ತಿ ಹಾಳು ಮಾಡುತ್ತದೆ.

ಒಂದು ವಿಷಯ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. 2003ರಲ್ಲಿ ಇಟಲಿಯಲ್ಲಿ 96 ಗಂಡಸರಿಗೆ ಇದೇ ಅಟೆನೊಲಾಲ್ ಕೊಟ್ಟರು. ಯಾವ ಮಾತ್ರೆ ಅಂತಲೇ ಹೇಳದವರಲ್ಲಿ ನೂರಕ್ಕೆ 3 ಜನ ತೊಂದರೆ ಹೇಳಿದರು. ಮಾತ್ರೆಯ ಹೆಸರು ಮಾತ್ರ ಹೇಳಿದವರಲ್ಲಿ ಸುಮಾರು 16. 'ಇದರಿಂದ ಆ ತೊಂದರೆ ಬರಬಹುದು' ಅಂತ ಮೊದಲೇ ಹೇಳಿದವರಲ್ಲಿ 31. ಮಾತ್ರೆ ಎಲ್ಲರಿಗೂ ಒಂದೇ. ಈಗ ನಿಮಗೆ ಇದನ್ನು ಹೇಳಿ ತಪ್ಪು ಮಾಡಿದೆನೋ ಏನೋ.

ಗೋಣಿಕೊಪ್ಪ ಎಕ್ಸ್‌ಪ್ರೆಸ್ | ಅಕ್ಟೋಬರ್ 26, ರಾತ್ರಿ 8:15

ತಮಾಷೆ ಮಾಡಿ ಓಡಿಹೋಗಿದ್ದೆ. ಪೂರ್ತಿ ಓದಿದೆ. ನಾನು 39. ಹೇಳಲು ಬೇರೇನೂ ಇಲ್ಲ. ಬಿಪಿ, ಶುಗರ್ ಎಲ್ಲಿ ಸುಮ್ನೆ ನೋಡಿಸಬಹುದು?

ಸಿಸ್ಟರ್ ಸೋಮವಾರಪೇಟೆ | ಅಕ್ಟೋಬರ್ 26, ರಾತ್ರಿ 8:40

ನಿಮ್ಮ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ. 30 ದಾಟಿದವರಿಗೆ ಎರಡನ್ನೂ ಪುಕ್ಕಟೆ ನೋಡುತ್ತಾರೆ. ಯಾಕೆ ಅಂತ ಯಾರೂ ಕೇಳುವುದಿಲ್ಲ, ಟೋಪಿ ಬೇಡ.

ಕಣದಂಚು | ಜನವರಿ 28, ರಾತ್ರಿ 9:45

ಮೂರು ತಿಂಗಳಾಯಿತು. ಇಲ್ಲಿಗೆ ವಾಪಸ್ ಬಂದು ಹೇಳದಿದ್ದರೆ ತಪ್ಪಾಗುತ್ತದೆ.

ತಡಿಯಂಡಮೋಳ್ ಅಕ್ಕ ಬರೆದ ಎರಡು ದಿನಕ್ಕೆ ಹೆಂಡತಿಗೆ ಹೇಳಿದೆ. ಅಡುಗೆಮನೆಯಲ್ಲಿ ಅಕ್ಕಿ ರೊಟ್ಟಿ ತಟ್ಟುತ್ತಿದ್ದಳು. ತಿರುಗಿ ನೋಡದೆ ಕೇಳಿಸಿಕೊಂಡಳು. 'ನಾನು ದಪ್ಪ ಆದೆ ಅಂತ ಅಂದುಕೊಂಡಿದ್ದೆ' ಅಂದಳು. ರೊಟ್ಟಿ ಸೀದುಹೋಯಿತು.

ಮಾರನೇ ದಿನ ಅವಳೇ ಜೀಪಿನಲ್ಲಿ ಕೂತಳು. ಬಿಪಿ 158/96. ಮೂರು ತಿಂಗಳ ಸರಾಸರಿ ಶುಗರ್ (ಎಚ್‌ಬಿಎ1ಸಿ) 8.4. ಕೆಟ್ಟ ಕೊಲೆಸ್ಟ್ರಾಲ್ 162. ಬೆಳಿಗ್ಗೆ ತೆಗೆದ ರಕ್ತದಲ್ಲಿ ಟೆಸ್ಟೋಸ್ಟಿರೋನ್ ಸರಿ ಇತ್ತು. ಟ್ರೆಡ್‌ಮಿಲ್‌ನಲ್ಲಿ ಏಳನೇ ನಿಮಿಷಕ್ಕೆ ಗ್ರಾಫ್ ಅನುಮಾನ ಬರುವ ಹಾಗೆ ಇತ್ತು. ಮೈಸೂರಿಗೆ ಹೋಗಿ ಸಿಟಿ ಆಂಜಿಯೋ ಮಾಡಿಸಿದೆ. ಹೃದಯದ ಒಂದು ನಾಳ ಅರ್ಧದಷ್ಟು ಕಿರಿದಾಗಿದೆ. ಸ್ಟೆಂಟ್ ಬೇಡ, ಮಾತ್ರೆಯಲ್ಲೇ ನೋಡಿಕೊಳ್ಳೋಣ ಅಂದರು. ಎದೆನೋವು ನನಗೆ ಒಂದು ದಿನವೂ ಬಂದಿರಲಿಲ್ಲ.

ಸಿಗರೇಟ್ ಬಿಟ್ಟು 80 ದಿನ. ಆರು ಕಿಲೋ ಇಳಿದಿದ್ದೇನೆ. ಮೊನ್ನೆ ಅದೇ ಸರಾಸರಿ ಶುಗರ್ 6.9. ಹಾರ್ಟ್ ಡಾಕ್ಟರು ಸರಿ ಅಂದಮೇಲೆ ಟಡಾಲಾಫಿಲ್ ಬರೆದುಕೊಟ್ಟಿದ್ದಾರೆ. ಅದೇ ಕ್ಲಾಸ್‌ಮೇಟಿನ ಅಂಗಡಿಯಲ್ಲಿ ತಗೊಂಡೆ. ಅವನು ಸದ್ದಿಲ್ಲದೆ ಕವರಿಗೆ ಹಾಕಿ, 'ನಾನು ತಗೊಳ್ಳುವುದೂ ಇದೇ' ಅಂದ.

ಪೂರ್ತಿ ಸರಿಹೋಯಿತಾ ಅಂದರೆ ಇಲ್ಲ. ಆದರೆ ವಾರಕ್ಕೆ ಎರಡು ದಿನ ಬೆಳಿಗ್ಗೆ ಎಚ್ಚರವಾದಾಗ, ಮಾತ್ರೆ ಇಲ್ಲದೆಯೇ, ಹಳೇ ನೆಂಟ ಬಂದಂತೆ ಆಗುತ್ತದೆ.

ನಾಪೋಕ್ಲಿನವ | ಜನವರಿ 28, ರಾತ್ರಿ 10:30

ಆ ಬೆಳಗಿನ ನೆಂಟ ಬಂದದ್ದು ಒಳಪದರ ಚೇತರಿಸಿಕೊಳ್ಳುತ್ತಿರುವ ಗುರುತು. ಇನ್ನೂ ಟೈಮ್ ಕೊಡಿ. ಇಟಲಿಯಲ್ಲೇ 2004ರಲ್ಲಿ ಇನ್ನೊಂದು ಅಧ್ಯಯನ ಬಂತು. ದಪ್ಪ ಇದ್ದ 110 ಗಂಡಸರಲ್ಲಿ ಅರ್ಧ ಜನಕ್ಕೆ ಊಟ, ನಡಿಗೆ ಸರಿಮಾಡಿಸಿದರು. ಎರಡು ವರ್ಷದಲ್ಲಿ ಆ ಅರ್ಧದಲ್ಲಿ ಮೂರರಲ್ಲಿ ಒಂದು ಪಾಲು ಮಂದಿ ಸರಿಹೋದರು. ಅವರಿಗೆ ಶುಗರ್ ಇರಲಿಲ್ಲ, ನಿಮಗಿದೆ. ಅದಕ್ಕೇ ಆತುರ ಬೇಡ. ನಡಿಗೆ ವಾರಕ್ಕೆ ನಾಲ್ಕು ದಿನವಾದರೂ, ಒಂದೊಂದು ಸಲ 40 ನಿಮಿಷ, ಸ್ವಲ್ಪ ಏದುಸಿರು ಬರುವ ಹಾಗೆ. ನಡೆಯುತ್ತಿದ್ದೀರಾ?

ಕಣದಂಚು | ಜನವರಿ 28, ರಾತ್ರಿ 10:41

ಅದೇ ದೊಡ್ಡ ತಲೆನೋವು. ನಮ್ಮ ಕಡೆ ಬೆಳಿಗ್ಗೆ ಆರಕ್ಕೆ ರಸ್ತೆಯಲ್ಲಿ ನಡೆಯಲು ಆನೆ ಬಿಡುವುದಿಲ್ಲ. ಹೋದ ವಾರ ಗೇಟಿನ ಹತ್ತಿರವೇ ಎರಡು ನಿಂತಿದ್ದವು. ಹಾರ್ಟ್ ಉಳಿಸಲು ಹೋಗಿ ಆನೆ ಕಾಲಿಗೆ ಸಿಕ್ಕರೆ ಏನು ಬಂತು? ಅದಕ್ಕೆ ಮನೆ ಮುಂದಿನ ಕಣದಲ್ಲೇ ಸುತ್ತು ಹಾಕುತ್ತೇನೆ. ಒಂದು ಸುತ್ತಿಗೆ 110 ಹೆಜ್ಜೆ. ನಲವತ್ತು ನಿಮಿಷಕ್ಕೆ ನಲವತ್ತು ಸುತ್ತು ಆಗುತ್ತದೆ. ನಾಯಿ ಮೊದಲ ವಾರ ಜೊತೆಗೆ ಬಂತು, ಈಗ ಮೆಟ್ಟಿಲ ಮೇಲೆ ಮಲಗಿ ನೋಡುತ್ತದೆ.

ಮಾಜಿ ಹವಾಲ್ದಾರ್ | ಜನವರಿ 29, ಬೆಳಿಗ್ಗೆ 5:50

ಶಾಭಾಷ್ ತಮ್ಮ. ಆದರೆ ಈಗ ಕಣದ ತುಂಬಾ ರೊಬಸ್ಟಾ ಹರಡಿರುತ್ತದಲ್ಲ. ಎಲ್ಲಿ ನಡೆಯುತ್ತೀಯಾ?

ಕಣದಂಚು | ಜನವರಿ 29, ಬೆಳಿಗ್ಗೆ 6:55

ಅಂಚಿನಲ್ಲಿ ಅಣ್ಣ. ಒಂದು ಅಡಿ ಜಾಗ ಬಿಟ್ಟು ಹರಡಿ ಅಂತ ಹೆಂಡತಿ ಕೆಲಸದವರಿಗೆ ಹೇಳಿದ್ದಾಳೆ.